ಹಸಿ ಸೋಯಾ ಮಾಡಿದ ತಪ್ಪಿಗೆ ಹುರಿದ ಸೋಯಾಗೆ ಶಿಕ್ಷೆ

ಮೀನುಗಳ ಊಟದ ಬಗ್ಗೆ ಮೀನುಗಳಿಗಿಂತಲೂ ಹೆಚ್ಚು ಯೋಚಿಸುವ ಮಾನ್ಯ ಮೀನುಗಾರಿಕೆ ನಿರ್ದೇಶಕರೇ,

ಸೋಯಾ ಹುರಿದ ಅಪರಾಧಕ್ಕಾಗಿ ನನ್ನ ಕೊಳದ ಪರವಾನಗಿಯನ್ನು ಯಾಕೆ ರದ್ದು ಮಾಡಬಾರದು ಎಂದು ತಮ್ಮ ಕಚೇರಿ ನನ್ನನ್ನು ಕೇಳಿದೆ. ಕೇಳಿದ್ದಕ್ಕೆ ಕೃತಜ್ಞಳಾಗಿದ್ದೇನೆ. ಹೋದ ವರ್ಷ ಇದೇ ಕಚೇರಿ, ಸೋಯಾ ಹಾಕದಿದ್ದರೆ ಪರವಾನಗಿ ರದ್ದು ಎಂದಾಗ ಏನನ್ನೂ ಕೇಳಿರಲಿಲ್ಲ. ಪ್ರಜೆಗಳಿಗೆ ಕಿವಿಗೊಡುವುದರಲ್ಲಿ ಇಲಾಖೆ ಇಷ್ಟರಮಟ್ಟಿಗಾದರೂ ಮುಂದುವರಿದಿದೆ ಎಂದು ಸಂತೋಷಪಟ್ಟಿದ್ದೇನೆ. ಉತ್ತರವನ್ನು ಲಕೋಟೆಯಲ್ಲಿ ಹಾಕಿ ಕಳಿಸಬಹುದಿತ್ತು. ಆದರೆ ತಮ್ಮ ಕಚೇರಿಯ ಮೇಜಿನ ಮೇಲೆ ಇಟ್ಟ ಕಾಗದಗಳು ಮತ್ತೆ ಕಣ್ಣಿಗೆ ಬಿದ್ದದ್ದನ್ನು ನಾನಂತೂ ಕಂಡಿಲ್ಲ. ಅದಕ್ಕೇ ನಾಲ್ಕು ಜನ ಓದಲಿ ಎಂದು ಇಲ್ಲಿ, ಪತ್ರಿಕೆಯಲ್ಲಿ, ಬರೆಯುತ್ತಿದ್ದೇನೆ.

ನಾನು ಮತ್ತು ನನ್ನ ಗಂಡ ಗೆಂಡೆ ಮೀನು ಸಾಕುತ್ತೇವೆ. ಬಲೆ ಎಳೆಯುವುದು ಅವರು, ಮೇವು ಹಾಕುವುದು ನಾನು, ಮಾರುಕಟ್ಟೆಯಲ್ಲಿ ಕೂತು ಮಾರುವುದು ನಮ್ಮತ್ತೆ. ಮೊದಲು ನಾವು ಹಾಕುತ್ತಿದ್ದ ಮೇವಿನಲ್ಲಿ ಸಮುದ್ರದ ಸಣ್ಣ ಮೀನುಗಳನ್ನು ಒಣಗಿಸಿ ಬೀಸಿದ ಪುಡಿ ಇರುತ್ತಿತ್ತು. ಒಂದು ಮೀನನ್ನು ಸಾಕಲು ನೂರಾರು ಮೀನುಗಳನ್ನು ಪುಡಿ ಮಾಡುವುದು ಸರಿಯಲ್ಲ, ಅದರ ಬದಲು ಸೋಯಾ, ಹಿಂಡಿಗಳಂಥ ಸಸ್ಯಗಳ ಪ್ರೋಟೀನನ್ನು ಬಳಸಿ ಎಂದು ತಮ್ಮ ಆದೇಶ ಬಂತು. ಓದಿ ನನಗೆ ನಿಜವಾಗಿಯೂ ಖುಷಿಯಾಯಿತು. ವ್ಯಂಗ್ಯವಿಲ್ಲದೆ ಬರೆದ ವಾಕ್ಯ ಇದು. ಈ ಪತ್ರದಲ್ಲಿ ಅಂಥವು ಹೆಚ್ಚಿಲ್ಲವಾದ್ದರಿಂದ ದಯವಿಟ್ಟು ಗಮನಿಸಬೇಕು.

ಆದೇಶದ ಬೆನ್ನಿಗೇ ಇಲಾಖೆ ಗೊತ್ತುಮಾಡಿದ ಕಾರ್ಖಾನೆಯಿಂದ ಹೊಸ ಮೇವಿನ ಮೂಟೆಗಳು ಬಂದವು. ಮೂಟೆಯ ಮೇಲೆ ಹಸಿರು ಎಲೆ, ಎಲೆಯ ಮೇಲೆ ನಗುವ ಮೀನು. ನಮ್ಮ ಕೊಳದ ಮೀನುಗಳು ಮಾತ್ರ ನಗಲಿಲ್ಲ. ಹಾಕಿದ ಮೇವು ನೀರಲ್ಲಿ ತೇಲಿ, ನೆನೆದು, ತಳಕ್ಕಿಳಿಯುತ್ತಿತ್ತು. ಮೀನುಗಳು ಮೂತಿ ತಂದು ಮುಟ್ಟಿ ನೋಡಿ, ಬೇಡವೆಂದು ತಿರುಗಿಕೊಂಡು ಹೋಗುತ್ತಿದ್ದವು. ರೂಢಿಯಾಗಲಿ ಎಂದು ಕಾದೆವು. ಅಷ್ಟರಲ್ಲಿ ತಾವು ಖುದ್ದಾಗಿ ನಮ್ಮ ಕೊಳಕ್ಕೆ ಬರುತ್ತೀರಿ, ಪತ್ರಿಕೆಯವರೂ ಬರುತ್ತಾರೆ ಎಂದು ಸುದ್ದಿ ಬಂತು.

ಆ ದಿನ ತಮಗಿಂತ ಮೊದಲು ತಮ್ಮ ಮೇಲ್ವಿಚಾರಕರು ಬಂದರು. ಜೀಪಿನ ಹಿಂದಿನ ಸೀಟಿನಿಂದ ಒಂದು ಚೀಲ ಇಳಿಸಿದರು. ಬಾಯಿ ಬಿಚ್ಚುವ ಮೊದಲೇ ನಮಗೆ ಅದೇನೆಂದು ಗೊತ್ತಾಯಿತು. ಮೀನುಪುಡಿಯ ವಾಸನೆ ಯಾವ ಚೀಲಕ್ಕೂ ಬಗ್ಗುವುದಿಲ್ಲ.

"ನೋಡಮ್ಮ, ಸಾಹೇಬ್ರು ಮೇವು ಹಾಕಿದ ತಕ್ಷಣ ಮೀನು ಎಗರಬೇಕು," ಎಂದರು.

ನನ್ನ ಗಂಡ ಅಂದರು, "ಹೊಸ ಮೇವಿಗೆ ಅವು ಎಗರೋದಿರಲಿ, ತಿರುಗೀನೂ ನೋಡಲ್ಲ ಸಾರ್."

"ಅದಕ್ಕೇ ಹಳೇದು ತಂದಿರೋದು. ಎಗರದೇ ಇರೋ ಮೀನಿನ ಫೋಟೋ ಯಾರ್ರೀ ಹಾಕ್ತಾರೆ ಪೇಪರಲ್ಲಿ?"

ತಾವು ಬಂದಿರಿ. ಹಸಿರು ಎಲೆಯ ಮೂಟೆಯಲ್ಲಿ ತುಂಬಿಸಿಟ್ಟಿದ್ದ ಹಳೆಯ ಮೇವನ್ನು ಬೊಗಸೆ ತುಂಬ ತೆಗೆದು ಎರಚಿದಿರಿ. ಪಾಪ, ಎಷ್ಟೋ ದಿನದಿಂದ ಅರೆಹೊಟ್ಟೆಯಲ್ಲಿದ್ದ ಜೀವಗಳು! ಕೊಳವೇ ಕುದಿಯಿತೇನೋ ಎನ್ನುವ ಹಾಗೆ ಎದ್ದುಬಿದ್ದು ಬಂದವು. ಕ್ಯಾಮೆರಾಗಳು ಮಿಂಚಿದವು. ತಾವು ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತ ಮೇಲ್ವಿಚಾರಕರನ್ನು ಮೆಲ್ಲಗೆ ಕೇಳಿದಿರಿ:

"ಏನ್ರೀ ಇದು, ಸೋಯಾಗೆ ಇಷ್ಟೊಂದು ವಾಸನೆ ಇರುತ್ತಾ?"

"ಪೌಷ್ಟಿಕಾಂಶ ಸಾರ್."

ಮಾನ್ಯರೇ, ಇಪ್ಪತ್ತು ವರ್ಷ ಮೀನುಗಾರಿಕೆ ಇಲಾಖೆಯಲ್ಲಿ ಕೆಲಸ ಮಾಡಿದ ಮೂಗಿಗೆ ಒಣಮೀನಿನ ವಾಸನೆ ಪೌಷ್ಟಿಕಾಂಶವೆಂದು ತೋರಿದರೆ ಅದು ಮೂಗಿನ ತಪ್ಪೋ, ಇಲಾಖೆಯ ತಪ್ಪೋ? ನಾನು ಸುಮ್ಮನಿರಲಿಲ್ಲ. ತಮ್ಮ ಹತ್ತಿರ ಬಂದು, "ಸಾರ್, ಇದು ಹೊಸ ಮೇವಲ್ಲ, ಹೊಸದನ್ನ ಅವು ತಿಂತಾನೇ ಇಲ್ಲ," ಎಂದೆ. ಮೈಕು ಕಿರುಗುಟ್ಟುತ್ತಿತ್ತು. ತಾವು ನನ್ನ ಕೈ ಕುಲುಕಿ, "ನಿಮ್ಮ ಸಂತೋಷ ನನಗೆ ಅರ್ಥವಾಗುತ್ತಮ್ಮ," ಎಂದಿರಿ. ಆಮೇಲೆ ಭಾಷಣದಲ್ಲಿ, ಮೀನುಗಳೇ ಎದ್ದು ನಿಂತು ನಮ್ಮ ಯೋಜನೆಯನ್ನು ಸ್ವಾಗತಿಸಿವೆ ಎಂದಿರಿ. ಮರುದಿನದಿಂದ ಹೊಸ ಮೇವು ಸುತ್ತಮುತ್ತಲ ಎಲ್ಲ ಕೊಳಗಳಿಗೂ ಕಡ್ಡಾಯವಾಯಿತು.

ಮುಂದಿನದನ್ನು ತಮಗೆ ಯಾರೂ ಹೇಳಿರಲಾರರು. ಬೇರೆ ದಾರಿಯಿಲ್ಲದೆ ಮೀನುಗಳು ಆ ಮೇವನ್ನು ತಿನ್ನತೊಡಗಿದವು. ತಿಂದರೂ ಬೆಳೆಯಲಿಲ್ಲ. ತಲೆ ದೊಡ್ಡದು, ಮೈ ಸಣ್ಣದು. ಬಲೆಯಲ್ಲಿ ಹಿಡಿದಾಗ ಒದ್ದಾಡಲೂ ಶಕ್ತಿಯಿಲ್ಲದೆ ತೆಪ್ಪಗೆ ಮಲಗುತ್ತಿದ್ದವು. ನಮ್ಮತ್ತೆ ಮೈಕೈ ತುಂಬಿಕೊಂಡ ಹೆಂಗಸು. ಮಾರುಕಟ್ಟೆಯಿಂದ ಬಂದವರೇ ಬುಟ್ಟಿಯನ್ನು ದಡಾರನೆ ಇಳಿಸಿದರು.

"ಗಿರಾಕಿಗಳು ಒಂದ್ಸಲ ಮೀನು ನೋಡ್ತಾರೆ, ಒಂದ್ಸಲ ನನ್ನ ನೋಡ್ತಾರೆ. ಮೀನಿನ ಪಾಲಿಂದೂ ನಾನೇ ತಿಂದಿದೀನಿ ಅನ್ಕೊಂಡಿದಾರೆ! ನಾಳೆಯಿಂದ ನೀವೇ ಹೋಗಿ ಕೂತ್ಕೊಳ್ಳಿ ಅಲ್ಲಿ."

ನಗಬೇಕೆನಿಸಿತು, ನಗಲಾಗಲಿಲ್ಲ. ಕೆಲವೇ ದಿನಗಳಲ್ಲಿ ಮೀನುಗಳು ಸತ್ತು ತೇಲತೊಡಗಿದವು. ಗಂಡನಿಗೆ ಇದೇ ದಿನಚರಿಯಾಯಿತು: ಬೆಳಿಗ್ಗೆ ಎದ್ದು ಸತ್ತ ಮೀನುಗಳನ್ನು ಜಾಲರಿಯಲ್ಲಿ ಎತ್ತುವುದು, ದಂಡೆಯ ಆಚೆ ಗುಂಡಿ ತೋಡಿ ಮುಚ್ಚುವುದು, ಬಂದು ಗೋಡೆಗೆ ಮುಖಮಾಡಿ ಮಲಗುವುದು. "ಕೊಳ ಬಿಟ್ಟುಕೊಟ್ಟು ಎಲ್ಲಾದ್ರೂ ಕೆಲಸಕ್ಕೆ ಸೇರ್ತೀನಿ," ಎಂದರು ಒಂದು ದಿನ. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಅಂಥ ಮಾತು ಕೇಳಿರಲಿಲ್ಲ. ಅವತ್ತೇ ನಾನು ಎರಡು ಮೀನುಗಳನ್ನು ಮಂಜುಗಡ್ಡೆಯಲ್ಲಿ ಸುತ್ತಿಕೊಂಡು ತಮ್ಮದೇ ಇಲಾಖೆಯ ಪ್ರಯೋಗಾಲಯಕ್ಕೆ ಹೋದೆ.

ಅಲ್ಲಿ ತಮ್ಮದೇ ವಿಜ್ಞಾನಿ ಮೇಡಂ ಇದ್ದರು. ಮೀನಿನ ಹೊಟ್ಟೆ ಸೀಳಿ, ಕರುಳನ್ನು ತಟ್ಟೆಯಲ್ಲಿ ಹರಡಿ ನನ್ನನ್ನು ಹತ್ತಿರ ಕರೆದರು. ಕರುಳು ಊದಿ ಕೆಂಪಾಗಿತ್ತು.

"ಹಸಿ ಸೋಯಾ ತಿಂದಿದೆ ಇದು," ಎಂದರು. "ಹಸಿ ಕಾಳಲ್ಲಿ ಜೀರ್ಣ ಆಗೋದನ್ನ ತಡೆಯೋ ಅಂಶ ಇರುತ್ತೆ. ಹುರಿದ್ರೆ, ಬೇಯಿಸಿದ್ರೆ ಅದು ಹೋಗುತ್ತೆ. ಕಾರ್ಖಾನೆಯೋರು ಹುರಿಯೋ ಖರ್ಚು ಉಳಿಸೋಕೆ ಹಾಗೇ ಬೀಸಿದಾರೆ ಅನ್ಸುತ್ತೆ. ಜೊತೆಗೆ ಒಂದೇ ಸಲಕ್ಕೆ ಮೀನುಪುಡಿ ಪೂರ್ತಿ ನಿಲ್ಲಿಸಿದೀರ. ಸ್ವಲ್ಪಸ್ವಲ್ಪ ಕಡಿಮೆ ಮಾಡ್ತಾ ಬರಬೇಕು."

"ಹಾಗಾದ್ರೆ ತಪ್ಪು ಸೋಯಾದ್ದಲ್ಲ?"

"ಸೋಯಾ ಏನು ಮಾಡುತ್ತೆ ಪಾಪ. ನೀವು ಹಸಿ ಕಾಳು ತಿಂದ್ರೆ ನಿಮಗೂ ಹೊಟ್ಟೆ ಕೆಡುತ್ತೆ."

ಮುಂದಿನ ವಾರ ಮೇಡಂ ತಾವೇ ಕೊಳಕ್ಕೆ ಬಂದು, ಸೀರೆಯ ಸೆರಗು ಸಿಕ್ಕಿಸಿಕೊಂಡು ನಮ್ಮ ಜೊತೆ ಒಲೆಯ ಮುಂದೆ ಕೂತರು. ದೊಡ್ಡ ಬಾಣಲೆಯಲ್ಲಿ ಸೋಯಾ ಹುರಿದು, ಬೀಸಿ, ಎಳ್ಳಿಂಡಿ, ತೌಡು, ಒಂದಿಷ್ಟು ಮೀನುಪುಡಿ ಸೇರಿಸಿ ಉಂಡೆ ಕಟ್ಟಿದೆವು. ಮೊದಲ ದಿನ ಮೀನುಗಳು ಅನುಮಾನದಿಂದ ಬಂದವು. ಬರಬರುತ್ತ ಮೇವು ನೀರಿಗೆ ಬೀಳುವ ಸದ್ದಿಗೇ ಸೇರತೊಡಗಿದವು. ನಾವು ಮೀನುಪುಡಿ ಕಡಿಮೆ ಮಾಡುತ್ತ ಬಂದೆವು. ಅವು ದೂರು ಹೇಳಲಿಲ್ಲ. ಸಾಯುವುದು ನಿಂತಿತು. ಮೈ ತುಂಬಿಕೊಂಡಿತು. ಗಂಡ ಮತ್ತೆ ಬಲೆ ರಿಪೇರಿಗೆ ಕೂತರು. ನಮ್ಮತ್ತೆ ಮಾರುಕಟ್ಟೆಗೆ ಹೊರಟಾಗ ಒಂದು ಮಾತು ಬೈಯಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಇಷ್ಟರಲ್ಲಿ ಉಳಿದ ಕೊಳಗಳಲ್ಲೂ ಮೀನು ಸತ್ತು, ಗಲಾಟೆಯಾಗಿ, ವಿಷಯ ತಮ್ಮವರೆಗೆ ಬಂತು. ತಾವು ಏನು ಮಾಡಬಹುದಿತ್ತು? ಕಾರ್ಖಾನೆಯವರನ್ನು ಕರೆದು, ಯಾಕ್ರೀ ಹುರಿಯಲಿಲ್ಲ ಎಂದು ಕೇಳಬಹುದಿತ್ತು. ಅದು ತೀರಾ ಸುಲಭವಾಗಿತ್ತೇನೋ. ಬದಲಿಗೆ, ಸಿಹಿನೀರಿನ ಮೀನುಗಳಿಗೆ ಸಸ್ಯ ಪ್ರೋಟೀನ್ ಒಗ್ಗುವುದಿಲ್ಲವೆಂದು ಸಾಬೀತಾಗಿದೆ ಎಂದು ಸಾರಿದಿರಿ. ಸೋಯಾ, ಎಳ್ಳಿಂಡಿ, ಎಲ್ಲವನ್ನೂ ನಿಷೇಧಿಸಿದಿರಿ. ಅನ್ನ ಅರೆಬೆಂದಿದೆ ಎಂದು ಊರಲ್ಲಿ ಯಾರೂ ಅಕ್ಕಿ ಕೊಳ್ಳಬಾರದೆಂದು ಡಂಗುರ ಹೊಡೆಸುತ್ತಾರೆಯೇ? ಹುರಿದ ಸೋಯಾದಿಂದ ಮೀನು ಚೆನ್ನಾಗಿದೆ ಎಂದು ಸಭೆಯಲ್ಲಿ ಎದ್ದುನಿಂತು ಹೇಳಿದ ಮೇಡಂ ಅವರನ್ನು ಪೀಠೋಪಕರಣ ದಾಸ್ತಾನು ವಿಭಾಗಕ್ಕೆ ವರ್ಗ ಮಾಡಿದಿರಿ. ಮುರಿದ ಕುರ್ಚಿಗಳಿಗೆ ಈಗ ವೈಜ್ಞಾನಿಕ ಆರೈಕೆ ಸಿಗುತ್ತಿದೆ, ಅಭಿನಂದನೆಗಳು. ನಮ್ಮ ಕೊಳಕ್ಕೆ ಬಂದ ಮೇಲ್ವಿಚಾರಕರು ಬಾಣಲೆಯನ್ನೂ ಸಾಕ್ಷ್ಯವೆಂದು ಜೀಪಿಗೇರಿಸಿಕೊಂಡು ಹೋದರು.

"ನೀವೇ ಅಲ್ವಾ ಸಾರ್ ಸೋಯಾ ಹಾಕಿ ಅಂದಿದ್ದು?" ಎಂದು ಕೇಳಿದೆ.

"ಅದು ಹಳೇ ಆದೇಶಮ್ಮ. ಹಳೇ ಆದೇಶ ಪಾಲಿಸಿದ್ರೆ ಅದೂ ತಪ್ಪೇ," ಎಂದರು. ಅವರ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಬಿಟ್ಟುಬಿಡು, ಹಳೆಯ ಮೇವನ್ನೇ ಹಾಕೋಣ ಎಂದು ನೆರೆಯವರು ಹೇಳುತ್ತಾರೆ. ನನ್ನಿಂದಾಗದು. ನನ್ನ ತವರು ಸಮುದ್ರದ ದಡದಲ್ಲಿದೆ. ಹೋದ ತಿಂಗಳು ಹೋಗಿದ್ದಾಗ ಅಣ್ಣನ ದೋಣಿ ಬಂತು. ಬಲೆ ಬಿಚ್ಚಿದರೆ ಬೆರಳುದ್ದದ ಮರಿಗಳೇ, ರಾಶಿ ರಾಶಿ. ಮೀನುಪುಡಿ ಕಾರ್ಖಾನೆಯ ಲಾರಿ ಕಾಯುತ್ತಿತ್ತು. ಅಣ್ಣ ಒಂದು ಮರಿಯನ್ನು ಅಂಗೈಯಲ್ಲಿಟ್ಟು ತೋರಿಸಿದ.

"ಇದು ದೊಡ್ಡದಾಗಿದ್ರೆ ಒಂದು ಮನೆ ಊಟ ಮಾಡ್ತಿತ್ತು. ಈಗ ನಿನ್ನ ಕೊಳದ ಮೀನಿಗೆ ಒಂದು ತುತ್ತು. ಮುಂದಿನ ವರ್ಷ ನಾನು ಏನು ಹಿಡೀಲಿ, ಹೇಳು?"

ಅವನ ಪ್ರಶ್ನೆಗೆ ಉತ್ತರ ತಮ್ಮ ಮೊದಲ ಆದೇಶದಲ್ಲಿ ಇತ್ತು, ಮಾನ್ಯರೇ. ತಾವೇ ಬರೆದ ಒಳ್ಳೆಯ ಮಾತನ್ನು ತಾವೇ ಹೀಗೆ ಕತ್ತು ಹಿಸುಕಿ ಸಾಯಿಸಿದಿರಲ್ಲ ಎನ್ನುವುದೇ ನನ್ನ ಸಂಕಟ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ನಿಷೇಧವನ್ನು ಹಿಂತೆಗೆದುಕೊಳ್ಳಿ. ಕಾಳು ಹುರಿಯದೆ ಮೇವು ಮಾರುವವರನ್ನು ಹಿಡಿಯಿರಿ. ಮೇಡಂ ಅವರನ್ನು ಕುರ್ಚಿಗಳ ನಡುವಿನಿಂದ ಎಬ್ಬಿಸಿ ಪ್ರಯೋಗಾಲಯಕ್ಕೆ ಕಳಿಸಿ. ತಾವು ಕರೆದಿರುವ ಸೋಮವಾರದ ವಿಚಾರಣೆಗೆ ಹೇಳಿದ ಹೊತ್ತಿಗೆ ಸರಿಯಾಗಿ ಬರುತ್ತೇನೆ. ನೆರೆಮನೆಯಿಂದ ಬೇರೊಂದು ಬಾಣಲೆ ತಂದಿದ್ದೇನೆ. ಅವತ್ತು ಬೆಳಿಗ್ಗೆ ಅದರಲ್ಲಿ ಹುರಿದ ಮೇವನ್ನು ಮೀನುಗಳಿಗೆ ಹಾಕಿಯೇ ಮನೆಯಿಂದ ಹೊರಡುತ್ತೇನೆ. ಪರವಾನಗಿ ಹೋದರೆ ನನ್ನದು ಹೋಗಲಿ. ಅವುಗಳ ಹೊಟ್ಟೆ ಮಾತ್ರ ಅವತ್ತು ತುಂಬಿರುತ್ತದೆ.

ಇಂತಿ,
ಮೀನಿಗೆ ಬೇಯಿಸಿ ಬಡಿಸಿದ ಆರೋಪ ಹೊತ್ತವಳು