ಮರದ ಮೂರು ಕಡೆ

ಮಾರ್ಚ್ 6. ಒಡೆಮಿರ ಹತ್ತಿರ, ಪೋರ್ಚುಗಲ್. ಬೆಳಿಗ್ಗೆ 7.40

ಹೊರಗೆ 11 ಡಿಗ್ರಿ, ವ್ಯಾನಿನೊಳಗೆ 14. ಗ್ಯಾಸು ಅರ್ಧ ಸಿಲಿಂಡರ್ ಉಳಿದಿದೆ. ಲೋಥಾರ್ ಕಾಫಿಗೆ ನೀರಿಟ್ಟು ನಕ್ಷೆಯ ಮೇಲೆ ಬ್ರೆಡ್ಡಿನ ಚೂರು ಉದುರಿಸುತ್ತಿದ್ದಾನೆ. ತಟ್ಟೆ ಇಟ್ಟುಕೊಂಡು ತಿನ್ನು ಎಂದು ಗಂಡನಿಗೆ ನಲವತ್ತು ವರ್ಷದಿಂದ ಹೇಳುತ್ತಿದ್ದೇನೆ, ಇಂದು ಹೇಳಲಿಲ್ಲ.

ಮೊದಲ ಸೇಬಿನ ಮರ ನಿನ್ನೆ ಸಿಕ್ಕಿತು. ರಸ್ತೆ ಪಕ್ಕದ ಮನೆಯ ಹಿತ್ತಲು. ಗೇಟು ತೆರೆದಿತ್ತು, ಒಳಗೆ ಹೋದೆ. ಕಪ್ಪು ಸ್ವೆಟರಿನ ಮುದುಕಿ ಕೋಳಿಗೆ ಕಾಳು ಹಾಕುವುದನ್ನು ಬಿಟ್ಟು ಬಂದಳು. ಹೆಸರು ಪಿಯೆದಾದ್. ಹದಿನೆಂಟು ವರ್ಷ ಜರ್ಮನಿಯ ಕಾರ್ಖಾನೆಯಲ್ಲಿ ದುಡಿದು ಊರಿಗೆ ಮರಳಿದವಳು. ನಮ್ಮ ಭಾಷೆ ನಮಗಿಂತ ಜೋರಾಗಿ ಆಡುತ್ತಾಳೆ.

“ಏನ್ ಹುಡುಕ್ತಿದೀರಿ ನನ್ ಮರದಲ್ಲಿ?”

“ಹೂವು.”

“ನಿಮ್ಮೂರಲ್ಲಿ ಸೇಬಿನ ಮರ ಇಲ್ವಾ?”

“ಇದೆ. ಅದು ಅರಳೋಕೆ ಇನ್ನೂ ಏಳು ವಾರ ಬೇಕು.”

“ಅಲ್ಲೀವರೆಗೂ ತಡ್ಕೊಳ್ಳೋಕಾಗ್ಲಿಲ್ವಾ!”

ಲೋಥಾರ್ ಗೇಟಿಗೆ ಒರಗಿಕೊಂಡು ನಕ್ಕ. ಅವಳು ಆರು ಕಿತ್ತಳೆ ಕೊಟ್ಟಳು.

ಹವಾಮಾನ ಇಲಾಖೆಯ ನಿಯಮ ಇಲ್ಲೂ ಅದೇ. ಮರದ ಮೂರು ಕಡೆ ಒಂದೊಂದಾದರೂ ಹೂವು ಪೂರ್ತಿ ಬಿಚ್ಚಿರಬೇಕು, ಕೇಸರ ಕಾಣಬೇಕು. ಆ ದಿನವೇ ‘ಅರಳಿದ ದಿನ’. ಎರಡು ಕಡೆ ಆದರೆ ನಾಳೆ ಬಾ. ಪಿಯೆದಾದಳ ಮರದಲ್ಲಿ ಸರಿಯಾಗಿ ಮೂರು.

ಮಾರ್ಚ್ 13. ಎವೊರ ದಾಟಿ

ಆರು ಮರ ಆಯಿತು. ಈ ಪ್ರಯಾಣದ ಪ್ರಶ್ನೆಯನ್ನು ಒಮ್ಮೆ ಬರೆದಿಡುತ್ತೇನೆ: ವಸಂತ ದಿನಕ್ಕೆ ಎಷ್ಟು ದೂರ ನಡೆಯುತ್ತದೆ? ಸೇಬಿನ ಹೂವು ದಿನಕ್ಕೆ ನಲವತ್ತು ಕಿಲೋಮೀಟರ್‌ನಂತೆ ಉತ್ತರಕ್ಕೆ ಸರಿಯುತ್ತದೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ನಾವೂ ಅಷ್ಟೇ ವೇಗದಲ್ಲಿ ಹೋದರೆ ದಿನವೂ ಅಂದೇ ಅರಳಿದ ಮರ ಸಿಗಬೇಕು. ಮೊಗ್ಗು ಸಿಕ್ಕಿದರೆ ನಾವು ಮುಂದೆ. ನೆಲದ ಮೇಲೆ ಎಸಳು ಬಿದ್ದಿದ್ದರೆ ಅದು ಮುಂದೆ.

ಲೋಥಾರ್ ಮೂವತ್ತೈದು ವರ್ಷ ನಗರದ ಬಸ್ಸು ಓಡಿಸಿದವನು. “ಗಂಟೆಗೆ ಒಂದೂವರೆ ಕಿಲೋಮೀಟರು. ನಮ್ಮ ನಾಲ್ಕನೇ ನಂಬರ್ ಬಸ್ಸು ಸಂಜೆ ಹೊತ್ತಿಗೆ ಹೀಗೇ ಹೋಗ್ತಿತ್ತು” ಎಂದ.

ಏಪ್ರಿಲ್ 20ಕ್ಕೆ ಮನೆ. ನಮ್ಮ ಮರ ಸಾಮಾನ್ಯವಾಗಿ 24ರ ಆಚೀಚೆ ಅರಳುತ್ತದೆ. ಹವಾಮಾನ ಇಲಾಖೆಗೆ 1991ರಿಂದ ವರ್ಷವೂ ಅದರ ದಿನ ಕಳಿಸುತ್ತಿದ್ದೇನೆ. ಮೂವತ್ತಮೂರು ವರ್ಷ, ಒಂದೂ ತಪ್ಪಿಲ್ಲ. ಇಡೀ ಜಿಲ್ಲೆಯಲ್ಲಿ ಒಂದು ವರ್ಷವೂ ಖಾಲಿ ಬಿಡದ ದಾಖಲೆಯ ಸಾಲು ನನ್ನದೊಂದೇ. ಅದು ತುಂಡಾಗಬಾರದು. ಹೊರಡುವಾಗ ಲೋಥಾರನಿಗೆ ಹಾಕಿದ ಷರತ್ತು ಇದೊಂದೇ.

ಮಾರ್ಚ್ 24. ಕಲತಾಯುದ್, ಸ್ಪೇನ್

ಹದಿನೇಳನೆಯ ಮರ. ತೋಟದ ಯಜಮಾನ ಎಲಾಡಿಯೊ. ಡಿಪೊದ ಗೆಳೆಯನೊಬ್ಬನಿಂದ ಕಲಿತ ಸ್ಪ್ಯಾನಿಷ್‌ನಲ್ಲಿ ಲೋಥಾರ್ ಮಾತಾಡಿಸಿ ನನಗೆ ಹೇಳಿದ.

ಎಲಾಡಿಯೊ ಮಾತಿಗೆ ಮೊದಲು ಮರದ ಸುತ್ತ ಒಂದು ಪೂರ್ತಿ ಸುತ್ತು ಹಾಕುತ್ತಾನೆ, ಕೈ ಬೆನ್ನಿಗೆ ಕಟ್ಟಿಕೊಂಡು. ಆಮೇಲೆ ತೀರ್ಪು. “ಹನ್ನೆರಡು ದಿನ ಮುಂಚೆ ಬಂದಿದೆ. ನಿಮ್ಮ ಹೆಂಡತಿಗೆ ಖುಷಿ, ನನಗೆ ನಿದ್ದೆ ಇಲ್ಲ. ಇನ್ನೊಂದು ಹಿಮ ಬಿದ್ದರೆ ಈ ವರ್ಷದ ಸೇಬು ನೀವು ಬರೆದುಕೊಂಡ ಪುಸ್ತಕದಲ್ಲಿ ಮಾತ್ರ.”

ಖುಷಿ ಇಲ್ಲ ಎಂದು ಹೇಳಿಸಿದೆ. ಇಲ್ಲಿ ಎಸಳು ನೆಲಕ್ಕೆ ಬಿದ್ದಿದೆ. ವಸಂತ ನಮ್ಮನ್ನು ದಾಟಿ ಹೋಗಿದೆ. ಲೆಕ್ಕ ಹಾಕಿದೆ. ಈ ವರ್ಷ ದಿನಕ್ಕೆ ಐವತ್ತು ಕಿಲೋಮೀಟರ್, ಬಹುಶಃ ಐವತ್ತೈದು. ಹಾಗಾದರೆ ಊರಿನ ಮರ...

ಮಾರ್ಚ್ 28. ಸಂಜೆ

ಗ್ರೆಟೆಗೆ ಫೋನು ಮಾಡಿದೆ. ಪಕ್ಕದ ಮನೆಯ ಹಿರಿಯಾಕೆ, ಎಂಬತ್ತೊಂದು ವರ್ಷ. ನಡುವೆ ಎದೆಯೆತ್ತರದ ಗಿಡದ ಬೇಲಿ. 1992ರಲ್ಲಿ ನಮ್ಮ ಸೇಬು ಅವರ ಅಂಗಳದಲ್ಲಿ ಬಿದ್ದು ಕೊಳೆತದ್ದಕ್ಕೆ ಮಾತಿಗೆ ಮಾತು ಬೆಳೆದಿತ್ತು. ಆಮೇಲೆ ಸರಿಹೋಯಿತು. ಬೇಲಿಯ ಮೇಲಿಂದ ಮಾತು, ಕ್ರಿಸ್‌ಮಸ್‌ಗೆ ಬಿಸ್ಕತ್ತು. ಅಷ್ಟೇ.

“ಏನಮ್ಮಾ ಆಲ್ಮುಟ್, ಬಿಸಿಲು ಕಾಯ್ಸಿದ್ದು ಸಾಕಾಯ್ತಾ?”

“ಗ್ರೆಟೆ, ಮರ ಹೇಗಿದೆ?”

“ನಾನು ಚೆನ್ನಾಗಿದೀನಿ, ಕೇಳಿದ್ದಕ್ಕೆ ಥ್ಯಾಂಕ್ಸ್. ಮರವೂ ಚೆನ್ನಾಗಿದೆ. ಮೊಗ್ಗು ಕೆಂಪಾಗಿದೆ.”

“ಕೆಂಪಾ? ಈಗಲೇ?”

“ಹೂಂ, ಮದುಮಗಳ ಕೆನ್ನೆ ಹಾಗೆ. ನಾನೇ ನೋಡಿ ದಿನ ಬರೆದಿಡ್ಲಾ?”

ಬೇಡ ಎಂದೆ. ನೋಡಿ ಅಭ್ಯಾಸವಿಲ್ಲದ ಕಣ್ಣು; ಒಂದು ಹೂವು ಕಂಡರೆ ಮರವೆಲ್ಲ ಅರಳಿತು ಎನ್ನುತ್ತಾರೆ. ಮೊಗ್ಗು ಕೆಂಪಾಗಿದ್ದರೆ ಹೆಚ್ಚೆಂದರೆ ಹನ್ನೆರಡು ದಿನ. ಏಪ್ರಿಲ್ 9.

ಏಪ್ರಿಲ್ 1. ಪರ್ಪಿನ್ಯಾನ್ ಹತ್ತಿರ, ಫ್ರಾನ್ಸ್. ಮಧ್ಯಾಹ್ನ

ಇಪ್ಪತ್ತನಾಲ್ಕು ಮರ. ಫ್ರಾನ್ಸಿನಲ್ಲಿ ಮತ್ತೆ ವಸಂತದ ಜೊತೆಗೂಡಿದೆವು: ಇಂದು ಬೆಳಿಗ್ಗೆಯ ಮರದಲ್ಲಿ ಮೂರು ಕಡೆ, ತಾಜಾ. ಮುಂದೆ ರೋನ್ ನದಿಯ ಕಣಿವೆ, ಮೈಲಿಗಟ್ಟಲೆ ಹಣ್ಣಿನ ತೋಟ. ನಿಧಾನವಾಗಿ ಹೋದರೆ ಈ ಪ್ರಯಾಣದ ಮರಗಳ ಸಾಲು ಉಳಿಯುತ್ತದೆ, ಊರಿನ ಮರದ್ದು ತುಂಡಾಗುತ್ತದೆ. ಓಡಿದರೆ ಉಲ್ಟಾ.

ಎರಡೂ ಬೇಕು. ಬೆಳಿಗ್ಗೆಯೇ ಉಪಾಯ ಹೊಳೆಯಿತು. ಇಬ್ಬರಿದ್ದೇವೆ. ಊಟಕ್ಕೆ ಕೂತಾಗ ಹೇಳಬೇಕು. ಲೋಥಾರ್ ಮೊಟ್ಟೆ ಹುರಿಯುತ್ತಿದ್ದಾನೆ, ಶಿಳ್ಳೆ ಬೇರೆ.

ಏಪ್ರಿಲ್ 1. ಸಂಜೆ 6

ಆಡಿದ ಮಾತು ಆಡಿದ ಹಾಗೆ ಬರೆಯುತ್ತೇನೆ.

“ನೀನು ರೈಲಲ್ಲಿ ಊರಿಗೆ ಹೋಗು. ವ್ಯಾನು ನಾನು ತರ್ತೀನಿ” ಎಂದೆ.

“ನನ್ನನ್ನ ದಾರೀಲಿ ಇಳಿಸಿ ಹೋಗ್ತೀಯಾ? ಟಿಕೆಟ್ ತಗೊಂಡಿದೀನಿ ಮಾರಾಯ್ತಿ.”

“ತಮಾಷೆ ಸಾಕು. ದಿನಾ ಬೆಳಿಗ್ಗೆ ಮರ ನೋಡ್ಬೇಕು, ಮೂರು ಕಡೆ ಆದ ದಿನ ಫೋನ್ ಮಾಡ್ಬೇಕು. ಅಷ್ಟೇ.”

“ಗ್ರೆಟೆ ನೋಡ್ತಾರಲ್ಲ.”

“ಗ್ರೆಟೆ ಕಣ್ಣು ನಾನು ನಂಬಲ್ಲ. ನಿನ್ನದನ್ನ ನಂಬ್ತೀನಿ. 2004ರಲ್ಲಿ ನೋಡಿದ್ದೀಯಲ್ಲ, ನಾನು ಅಮ್ಮನ ಜೊತೆ ಕಾಸೆಲ್ ಆಸ್ಪತ್ರೆಯಲ್ಲಿದ್ದಾಗ. ಹಾಗೇ ನೋಡು.”

ಲೋಥಾರ್ ಒಲೆ ಆರಿಸಿದ. ಮೊಟ್ಟೆ ಇನ್ನೂ ಬೆಂದಿರಲಿಲ್ಲ.

“ನೋಡಿಲ್ಲ” ಎಂದ.

“ಏನು ನೋಡಿಲ್ಲ?”

“2004ರಲ್ಲಿ. ಮರ. ಆ ತಿಂಗಳು ಎರಡು ಪಾಳಿ ಮಾಡ್ತಿದ್ದೆ. ಕತ್ತಲಲ್ಲಿ ಹೋಗ್ತಿದ್ದೆ, ಕತ್ತಲಲ್ಲಿ ಬರ್ತಿದ್ದೆ. ನೀನು ದಿನಾ ಫೋನಲ್ಲಿ ಮರ ಹೇಗಿದೆ ಅಂತಿದ್ದೆ. ನಾನು ಇನ್ನೂ ಇಲ್ಲ, ಇನ್ನೂ ಇಲ್ಲ ಅಂತಿದ್ದೆ. 24ನೇ ತಾರೀಕು ನೀನು ಡಿಪೊಗೆ ಫೋನ್ ಮಾಡಿ ಅಮ್ಮ ಹೋದ್ರು ಅಂದೆ. ನನಗೆ ಏನು ಹೇಳ್ಬೇಕೋ ತಿಳೀಲಿಲ್ಲ. ಮರ ಇವತ್ತು ಅರಳಿತು ಅಂದೆ.”

“ಮೂರು ಕಡೆನಾ ಅಂತ ಕೇಳಿದ್ದೆ.”

“ಕೇಳಿದ್ದೆ. ನಾನು ಹೂಂ ಅಂದೆ.”

ಇಪ್ಪತ್ತು ವರ್ಷ ಯಾಕೆ ಹೇಳಲಿಲ್ಲ ಎಂದೆ. “ನೀನು ಯಾವತ್ತೂ ಮತ್ತೆ ಕೇಳಲಿಲ್ಲ. ಈಗ ನಂಬ್ತೀನಿ ಅಂದ್ಯಲ್ಲ, ಅದಕ್ಕೆ” ಎಂದ.

ಮೊಟ್ಟೆ ಯಾರೂ ತಿನ್ನಲಿಲ್ಲ.

ಏಪ್ರಿಲ್ 5. ಅದೇ ಜಾಗ

ಮೂರು ದಿನ ಬರೆಯಲಿಲ್ಲ. ಮರ ನೋಡಲೂ ಹೋಗಲಿಲ್ಲ.

ನಾನು ಮೂವತ್ತು ವರ್ಷ ಔಷಧಿ ಅಂಗಡಿಯಲ್ಲಿದ್ದವಳು. ಕಣ್ಣೆದುರು ತೂಗದ ಪುಡಿಗೆ ಒಮ್ಮೆಯೂ ಸಹಿ ಹಾಕಿಲ್ಲ. ಇಲಾಖೆಯ ಹಾಳೆಯ ಕೊನೆಯ ಕಾಲಂ ‘ನೋಡಿದವರು’. 2004ರ ಸಾಲಿನ ಮುಂದೆ ಇರುವುದು ನನ್ನ ಸಹಿ. ಮನೆಯವನು ನೋಡಿದರೆ ನಾನು ನೋಡಿದಂತೆಯೇ ಎಂದುಕೊಂಡು ಹಾಕಿದ್ದೆ. ಸುಳ್ಳು ಹೇಳಿದ್ದು ಅವನು, ಸಹಿ ನನ್ನದು. ಬರೀ ಅವನ ಮೇಲೆ ಸಿಟ್ಟು ಮಾಡಿದರೆ ಲೆಕ್ಕ ಸರಿಹೋಗುವುದಿಲ್ಲ.

ಇನ್ನೊಂದು ವಿಷಯ. ಅಮ್ಮನನ್ನು ಮಣ್ಣು ಮಾಡಿದ ದಿನ ಹಲವರಿಗೆ ಹೇಳಿದ್ದೆ, ಅಮ್ಮ ಹೋದ ದಿನವೇ ನಮ್ಮ ಮರ ಅರಳಿತು ಎಂದು. ಅದರಿಂದ ನನಗೆ ಸಮಾಧಾನವಾಗಿತ್ತು. ಲೋಥಾರ್ ಪಕ್ಕದಲ್ಲೇ ನಿಂತಿದ್ದ, ಕಪ್ಪು ಟೈ ಕಟ್ಟಿಕೊಂಡು.

ಇಂದು ಇಲಾಖೆಗೆ ಪತ್ರ: 2004, ಏಪ್ರಿಲ್ 24, ಹೊಡೆದುಹಾಕಿ. ‘ನೋಡಿಲ್ಲ.’ ಲೋಥಾರನಿಗೆ ಓದಿ ಹೇಳಿದೆ. “ಸಾಲು ತುಂಡಾಯ್ತಲ್ಲ” ಎಂದ. ಅದು ಆಗಲೇ ತುಂಡಾಗಿತ್ತು, ನನಗೆ ಗೊತ್ತಿರಲಿಲ್ಲ ಅಷ್ಟೇ ಎಂದೆ. ಅವನು ಹೊರಗೆ ಹೋಗಿ ವ್ಯಾನಿನ ಗಾಜು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

ತುಂಡಾದ ಸಾಲಿಗಾಗಿ ಈಗ ಓಡಬೇಕೇ? ತೀರ್ಮಾನವಾಗಿಲ್ಲ. ಆದರೆ ಒಂದು ಪ್ರಶ್ನೆ ಬಿಡುತ್ತಿಲ್ಲ. ಆ ವರ್ಷ ಮರ ನಿಜವಾಗಿ ಅರಳಿದ್ದು ಯಾವತ್ತು?

ಏಪ್ರಿಲ್ 6. ಬೆಳಿಗ್ಗೆ 10

ಬೇರೆ ಯಾರನ್ನು ಕೇಳುವುದು? ಗ್ರೆಟೆಗೆ ಫೋನು ಮಾಡಿದೆ. 2004ರ ವಸಂತ ಏನಾದರೂ ನೆನಪಿದೆಯೇ ಎಂದೆ.

“ನೆನಪು ಯಾಕೆ, ಬರೆದಿಟ್ಟಿದೀನಲ್ಲ. ತಡಿ, ಡಬ್ಬ ತರ್ತೀನಿ.”

“ಏನು ಬರೆದಿದೀರಿ?”

“ನಿನ್ನ ಮರ ಅರಳಿದ್ದು. ಅಡುಗೆಮನೆ ಕ್ಯಾಲೆಂಡರಲ್ಲಿ. ಆ ಹೂ ಬಿಟ್ಟ ದಿನದಿಂದ ನನಗೆ ಸೀನು, ಕಣ್ಣುರಿ. ಎರಡು ವಾರ ಕಿಟಕಿ ಹಾಕ್ತೀನಿ. ಡಾಕ್ಟರು ತಾರೀಕು ಬರೆದಿಡಿ ಅಂದಿದ್ರು, ಅವರು ಸತ್ತು ಹದಿನೈದು ವರ್ಷ ಆಯ್ತು, ನಾನು ಬರೀತಾನೇ ಇದೀನಿ.”

ಕಾಗದ ತಿರುವುವ ಸದ್ದು. “2004. ಏಪ್ರಿಲ್ 21. ‘ಸೇಬು. ಮೂರ್ನಾಲ್ಕು ಗೊಂಚಲು. ಕಿಟಕಿ.’ ಸಾಕಾ?”

ನನ್ನ ಪುಸ್ತಕ ತೆರೆದೆ. ಬೇರೆ ವರ್ಷಗಳನ್ನೂ ಕೇಳಿದೆ. 1997: ನನ್ನದು ಏಪ್ರಿಲ್ 29, ಅವರದು 28. 2009: ನನ್ನದು 18, ಅವರದು 17. 2013: ನನ್ನದು ಮೇ 7, ಅವರದು 5. ಹನ್ನೊಂದು ವರ್ಷ ಕೇಳಿದೆ. ಎಲ್ಲದರಲ್ಲೂ ಅವರೇ ಮುಂದೆ. ಒಂದು ದಿನ, ಇಲ್ಲವೆ ಎರಡು.

“ಗ್ರೆಟೆ, ನೀವು ಒಂದೇ ಹೂವಿಗೆ ಬರೆದಿರಬೇಕು.”

“ನನಗೇನು ಮೂರು ಎಣಿಸೋಕೆ ಬರಲ್ವಾ? ನಿನಗೆ ಕಾಣ್ಸಲ್ಲ ಅಷ್ಟೇ. ದಕ್ಷಿಣದ ದೊಡ್ಡ ಕೊಂಬೆ ಬಾಗಿರೋದು ನನ್ನ ಅಂಗಳಕ್ಕೆ. ಬಿಸಿಲೆಲ್ಲ ಅದಕ್ಕೇ. ಮೊದಲು ಬಿಡೋದು ಅಲ್ಲೇ. ನೀನು ಬೇಲಿ ಆ ಕಡೆ ನಿಂತು ಮರದ ಬೆನ್ನು ನೋಡ್ತೀಯ.”

“ಮೊದಲೇ ಹೇಳಬಾರದಿತ್ತಾ?”

“ನೀನು ದುರ್ಬೀನು ಹಿಡ್ಕೊಂಡು ಪುಸ್ತಕದಲ್ಲಿ ಬರ್ಕೋತಿದ್ದೆ. ಏನೋ ಸರ್ಕಾರಿ ಕೆಲಸ, ನಾನ್ಯಾಕೆ ಬಾಯಿ ಹಾಕ್ಲಿ ಅಂದ್ಕೊಂಡೆ. ಒಂದು ದಿನಾನಾದ್ರೂ ನನ್ನ ಗೇಟು ತೆಗೆದು ಬಂದಿದ್ರೆ ತೋರಿಸ್ತಿದ್ದೆ.”

ಈಗ ಹೇಗಿದೆ ಎಂದೆ. “ಇನ್ನೂ ಮುಚ್ಕೊಂಡಿದೆ. ಆದ್ರೆ ಜಾಸ್ತಿ ದಿನ ಇಲ್ಲ. ನನ್ನ ಮೂಗು ಹೇಳ್ತಿದೆ.”

ಲೋಥಾರನಿಗೆ ಹೇಳಿದೆ. ನಗಲಿಲ್ಲ. ನಗುತ್ತಾನೆ ಎಂದುಕೊಂಡಿದ್ದೆ. “ಇನ್ನೂ ನನ್ನ ರೈಲಲ್ಲಿ ಕಳಿಸ್ತೀಯಾ?” ಎಂದ.

“ಇಲ್ಲ. ವ್ಯಾನು ತೆಗಿ. ಇಬ್ರೂ ಹೋಗೋಣ.”

ಏಪ್ರಿಲ್ 7. ಲಿಯೋನ್ ದಾಟಿ, ಪೆಟ್ರೋಲ್ ಬಂಕು

ರೋನ್ ಕಣಿವೆಯ ತೋಟಗಳೆಲ್ಲ ಕಿಟಕಿಯಲ್ಲಿ ಬಿಳಿಯಾಗಿ ಹಿಂದೆ ಹೋದವು. ಒಂದು ಕಡೆಯೂ ನಿಲ್ಲಿಸಲಿಲ್ಲ. ಆ ಸಾಲು ಇಪ್ಪತ್ತನಾಲ್ಕಕ್ಕೆ ಮುಗಿಯಿತು. ಉತ್ತರ ಸಿಕ್ಕಿದೆಯೇ? ಈ ವರ್ಷಕ್ಕೆ ಮಾತ್ರ: ದಿನಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರ್. ಸಾಕು.

ಸರದಿಯಂತೆ ಓಡಿಸುತ್ತಿದ್ದೇವೆ. ನನ್ನ ಸರದಿಯಲ್ಲಿ ಲೋಥಾರ್ ಹೊಸ ಪ್ರಯಾಣಿಕನ ಹಾಗೆ ಹಿಡಿಕೆ ಹಿಡಿದು ಕೂರುತ್ತಾನೆ.

ಎರಡು ತಾಸು ಲೆಕ್ಕ ಮಾಡುತ್ತ ಬಂದೆ. ಪಿಯೆದಾದಳ ಹಿತ್ತಲಿಂದ ಹಿಡಿದು ಇಪ್ಪತ್ತನಾಲ್ಕು ಅಪರಿಚಿತರ ಅಂಗಳಕ್ಕೆ ನುಗ್ಗಿದ್ದೇನೆ. ಹೆಸರು ಕೇಳದೆ ಗೇಟು ತೆರೆದಿದ್ದೇನೆ. ಪಕ್ಕದ ಮನೆಯ ಗೇಟು ಒಮ್ಮೆಯೂ ಇಲ್ಲ. ನಮ್ಮ ಕಡೆ ಕರೆಯದೆ ಬೇಲಿ ದಾಟುವ ರೂಢಿಯಿಲ್ಲ, ನಿಜ. ಆದರೆ ಅದು ರೂಢಿ, ನಿಯಮವಲ್ಲ. ನಿಯಮ ಹೇಳುವುದು ಮರದ ಮೂರು ಕಡೆ. ಮರದ ಈ ಕಡೆಯಲ್ಲಿ ಮೂರು ಎಂದು ಎಲ್ಲೂ ಇಲ್ಲ. ಎಲಾಡಿಯೊ ಹಾಕಿದ ಸುತ್ತು ಎದುರಿಗೇ ನೋಡಿದ್ದೆ. ಹಳ್ಳಿಯವನ ಅಭ್ಯಾಸ ಎಂದುಕೊಂಡೆ.

ಮೂವತ್ತೆರಡು ವರ್ಷ ಪ್ರಾಮಾಣಿಕವಾಗಿ ನೋಡಿದೆ, ಒಂದೆರಡು ದಿನ ತಡವಾಗಿ ಬರೆದೆ. ಒಂದು ವರ್ಷ ನೋಡಲೇ ಇಲ್ಲ, ಮೂರು ದಿನ ತಡವಾಯಿತು. ಇದನ್ನು ಲೋಥಾರನಿಗೆ ಹೇಳಿದೆ.

“ಹಂಗಾದ್ರೆ ನನಗೂ ನಿನಗೂ ಒಂದೆರಡೇ ದಿನ ವ್ಯತ್ಯಾಸ.”

“ಅಲ್ಲ. ನಾನು ನೋಡಿ ತಪ್ಪಿದೆ, ನೀನು ನೋಡದೆ ತಪ್ಪಿದೆ.”

“ಸರಿ. ಅದು ದೊಡ್ಡ ವ್ಯತ್ಯಾಸನೇ” ಎಂದ. ಆಮೇಲೆ ಕೊನೆಯ ಕಿತ್ತಳೆ ಸುಲಿದು ಅರ್ಧ ನನ್ನ ಬಾಯಿಗೆ ಹಾಕಿದ. ಒಣಗಿತ್ತು.

ಏಪ್ರಿಲ್ 9. ಮನೆ. ಬೆಳಿಗ್ಗೆ 9.15

ಒಂಬತ್ತಕ್ಕೆ ಐದು ನಿಮಿಷ ಇರುವಾಗ ತಲುಪಿದೆವು. ಹೊರಗೆ 13 ಡಿಗ್ರಿ, ಬಿಸಿಲು, ಗಾಳಿ ಇಲ್ಲ. ವ್ಯಾನಿನಿಂದ ಸಾಮಾನು ಇಳಿಸಿಲ್ಲ.

ಗ್ರೆಟೆಯ ಅಡುಗೆಮನೆ ಕಿಟಕಿ ಮುಚ್ಚಿದೆ. ಇಂದು ಮುಚ್ಚಿದ್ದೋ, ನಿನ್ನೆಯೋ ಗೊತ್ತಿಲ್ಲ. ಕೇಳಲಿಲ್ಲ, ಕೇಳಿ ಬರೆಯುವುದು ಬೇಡ. ಅವರಾಗಲೇ ಗೇಟಿನ ಬಳಿ ನಿಂತಿದ್ದಾರೆ, ಕೈಯಲ್ಲಿ ಕರವಸ್ತ್ರ. “ಅಲ್ಲಿಂದ ಏನ್ ಕಾಣುತ್ತೆ, ಬಾ ಈ ಕಡೆ! ಗೇಟಿಗೆ ಬೀಗ ಇಲ್ಲ, ಯಾವತ್ತೂ ಇರ್ಲಿಲ್ಲ!” ಎಂದು ಕೂಗಿ ಸೀನಿದರು.

ಲೋಥಾರ್ ಶೂ ಕಟ್ಟಿಕೊಳ್ಳುತ್ತಿದ್ದಾನೆ. ತಾನೂ ಎಣಿಸುತ್ತಾನಂತೆ. ಹಾಳೆಯ ಕೊನೆಯ ಕಾಲಂನಲ್ಲಿ ಇಬ್ಬರ ಹೆಸರಿಗೆ ಜಾಗವಿದೆ, ಸಣ್ಣಕ್ಷರದಲ್ಲಿ ಬರೆದರೆ.

ನಮ್ಮ ಅಂಗಳದಿಂದ: ಒಂದು ಕಡೆ.

ಗ್ರೆಟೆಯ ಅಂಗಳದಿಂದ: