ಅಕ್ಕನ ಬೆಲ್ಲು

ಮನೆಗೆ ವೈರಿಲ್ಲದ ಬೆಲ್ಲಿನ ಪೆಟ್ಟಿಗೆ ಕೂರಿಸಿದ ಮೆಕ್ಯಾನಿಕ್‌ಗೆ,

ನಾಳೆ ಲ್ಯಾಪ್‌ಟಾಪ್ ತಂದು ಪೆಟ್ಟಿಗೆಯ ಸಿಗ್ನಲ್ ನಂಬರ್ ಬದಲಾಯಿಸುತ್ತೇನೆ ಅಂದೆಯಲ್ಲ, ಬೇಡ.

ಹಾಸಿಗೆ ಹಿಡಿದಿದ್ದ ಅಕ್ಕ ನನ್ನನ್ನು ಕರೆಯಲು ಮಲಗಿದಲ್ಲಿಂದಲೇ ಒತ್ತುತ್ತಿದ್ದ ಗುಂಡಿಯ ಬ್ಯಾಟರಿಯನ್ನು ಅವಳು ಸತ್ತ ದಿನವೇ ಕಿತ್ತಿಟ್ಟೆ. ಆದರೂ ಅಡುಗೆಮನೆಯಲ್ಲಿ ಬೆಲ್ ಬಡಿಯುತ್ತದೆ. "ಹೆದರಬೇಡಿ ತಾತ, ಮೇಲಿನ ಮನೆಯವರ ಗೇಟ್ ರಿಮೋಟಿಗೂ ಅದೇ ನಂಬರು, ಅವರು ಗೇಟ್ ತೆಗೆದಾಗಲೆಲ್ಲ ಇಲ್ಲಿ ಬಡಿಯುತ್ತೆ" ಅಂತ ನೀನು ನಕ್ಕೆ. ದೆವ್ವಕ್ಕೆ ಹೆದರೋ ವಯಸ್ಸೇನೋ ನಂದು? ನಾನು ಸ್ಕೂಲು ಬಿಟ್ಟವನು, ಬುದ್ಧಿ ಬಿಟ್ಟವನಲ್ಲ. ನೀನು ಹೇಳಿದ್ದು ಅರ್ಥವಾಗಿದೆ.

ಆದರೆ ಬೆಲ್ ಬಡಿದರೆ ಕಾಲು ನನ್ನ ಮಾತು ಕೇಳುವುದಿಲ್ಲ. "ಬಂದೆ ತಡಿಯೇ ತಾಯಿ, ಮನೆಗೇನು ಬೆಂಕಿ ಬಿತ್ತಾ?" ಅಂತ ಬೈಯುತ್ತಲೇ ನೀರಿನ ಲೋಟ ಹಿಡಿದು ಅವಳ ಕೋಣೆಗೆ ಹೋಗುತ್ತೇನೆ. ದಿಂಬು ಸರಿಮಾಡಿ ಬರುತ್ತೇನೆ. ನೀನು ಬೆಲ್ ನಿಲ್ಲಿಸಿದರೆ ಆ ಬಾಗಿಲು ತೆಗೆಯಲು ನನಗೆ ನೆಪವೇ ಉಳಿಯುವುದಿಲ್ಲ.

ಬರಲೇಬೇಕು ಅಂತಿದ್ದರೆ, ಪೆಟ್ಟಿಗೆಯ ಸಿಗ್ನಲ್ ಒಂದಿಷ್ಟು ಜೋರು ಮಾಡಿ ಬಚ್ಚಲಿಗೂ ಒಂದು ಬೆಲ್ ಹಾಕಿಕೊಡು. ಸ್ನಾನ ಮಾಡುವಾಗ ನನಗೆ ಕೇಳಿಸುವುದಿಲ್ಲ. ಕಾಯುವಂತೆ ಮಾಡಿದರೆ ಅಕ್ಕನಿಗೆ ನನಗಿಂತ ಬೇಗ ಸಿಟ್ಟು ಬರುತ್ತದೆ.

ಇಂತಿ,
ಕೆಳಗಿನ ಮನೆಯ ಮುದುಕ