ಮುನ್ನಿಯ ಕೂಸಿಗೆ ಆರು ಮೂಲೆಯ ಕೌದಿ

ಖಾಲಾ, ಸಲಾಂ.

ಆರು ಸೊಸೆಯಂದಿರ ಕಥೆಯನ್ನು ನನಗೆ ಮೊದಲು ಹೇಳಿದವರು ನೀವು. ನಾನು ಕುರಕುಂಟಾದ ಶಾಲೆಗೆ ಶಿಕ್ಷಕಿಯಾಗಿ ಹೊಸದಾಗಿ ಬಂದ ವರ್ಷ, ಎಳ್ಳಮಾವಾಸ್ಯೆಯ ಹಿಂದುಮುಂದಿನ ಚಳಿಯಲ್ಲಿ, ನಿಮ್ಮ ಅಂಗಳದ ಎಳೆ ಬಿಸಿಲಿಗೆ ಕೂತು ಹೇಳಿದಿರಿ. ಒಬ್ಬ ಅತ್ತೆಗೆ ಆರು ಮಂದಿ ಸೊಸೆಯರು, ಮನೆಯಲ್ಲಿ ಇದ್ದದ್ದು ಒಂದೇ ಕೌದಿ. ಕೌದಿಗೆ ನಾಲ್ಕೇ ಮೂಲೆ. ನಾಲ್ವರು ಒಂದೊಂದು ಮೂಲೆ ಎಳೆದು ಸುತ್ತಿಕೊಂಡರೆ ಉಳಿದಿಬ್ಬರು ಹಲ್ಲು ಕಡಿಯುತ್ತ ನಡುಗುವುದು. ದಿನಾ ಜಗಳ. ಕೊನೆಗೆ ಅತ್ತೆ ಕತ್ತರಿ ಹಿಡಿದು, "ತಗೋರೆವ್ವಾ, ಒಬ್ಬೊಬ್ರಿಗೆ ಒಂದೊಂದು ಮೂಲಿ" ಎಂದು ಕೌದಿಗೆ ಆರು ಮೂಲೆ ಮಾಡಿಬಿಟ್ಟಳಂತೆ. ನಾನೋ ಚಿಮ್ಮನಚೋಡದಲ್ಲಿ ಅಜ್ಜಿಯ ತೊಡೆಯ ಮೇಲೆ ಕಥೆ ಕೇಳಿಯೇ ಬೆಳೆದವಳು. ಪ್ರಶ್ನೆ ಹಾಕದೆ ಕಥೆ ಬಿಟ್ಟವಳಲ್ಲ. "ಏಳನೇ ಸೊಸಿ ಬಂದಿದ್ರ ಏನ್ ಮಾಡ್ತಿದ್ಳು ಖಾಲಾ?" ಎಂದೆ. ನೀವು ಸೂಜಿಯಿಂದ ಕಣ್ಣೆತ್ತಲೇ ಇಲ್ಲ. "ಏಳನೇದಾಕಿ ನಿನ್ನಂಗ ಸಾಲಿ ಕಲಸಾಕ ಹೋಗ್ತಿದ್ಳು. ಮಾತು ಸಾಕು, ಸೂಜಿ ಹಿಡಿ."

ನೀವು ಕೈಗಿಟ್ಟ ಅಳತೆಯ ಕಲ್ಲನ್ನು ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಷ್ ಹಿಡಿಸುತ್ತಿದ್ದ ಚಾಚಾ ನಿಮಗಾಗಿ ಒಂದು ಚೂರನ್ನು ಉಜ್ಜಿ ಉಜ್ಜಿ ಆರು ಮೂಲೆ ಮಾಡಿ ತಂದುಕೊಟ್ಟಿದ್ದರು. ಅಂಗೈಗಿಂತ ಚಿಕ್ಕದು, ಮುಟ್ಟಿದರೆ ತಂಪು. "ಎಲ್ಲಾರ ಗಂಡಂದ್ರು ಬಳಿ ತರ್ತಾರ, ಚಾಚಾ ಕಲ್ಲು ತಂದ್ರೇನು?" ಎಂದೆ. "ಬಳಿ ಒಡಿತಾವ" ಎಂದಿರಿ, ಅಷ್ಟೇ. ಆ ಕಲ್ಲನ್ನು ಹಳೆಯ ಲಗ್ನಪತ್ರಿಕೆಯ ಮೇಲಿಟ್ಟು ಸುತ್ತ ಗೆರೆ ಎಳೆದು, ಗೆರೆಯ ಒಳಗಿನಿಂದ ಕತ್ತರಿಸಿ, ಆ ಕಾಗದದ ಮೇಲೆ ಅರಿವೆಯ ಚೂರನ್ನು ಮಡಚಿ ಕಚ್ಚಾ ಹೊಲಿಗೆ ಹಾಕಬೇಕು. ಒಂದರ ಸುತ್ತ ಆರು ಕೂಡಿಸಿದರೆ ಒಂದು ಹೂವು. ಎಲ್ಲ ಕಡೆ ಹೊಲಿಗೆ ಬಿದ್ದ ಮೇಲೆ ಒಳಗಿನ ಕಾಗದ ಕಿತ್ತು ತೆಗೆಯಬೇಕು. ಹೇಳಿದರೆ ಇಷ್ಟೇ ಕೆಲಸ. ನನ್ನ ಮೊದಲ ಹೂವಿಗೆ ಹದಿನೈದು ದಿನ ಹಿಡಿಯಿತು. ಅದನ್ನು ತಿರುಗಿಸಿ ತಿರುಗಿಸಿ ನೋಡಿ ನೀವು, "ಇದು ಹೂವಲ್ಲ ಬೇಟಿ, ಹೂಕೋಸು" ಎಂದಿರಿ. ಊರೆಲ್ಲ ಒಂದು ವಾರ ನನ್ನನ್ನು ಹೂಕೋಸಿನ ಅಕ್ಕೋರು ಅಂದದ್ದು ನಿಮ್ಮಿಂದಲೇ ಅಲ್ಲವೇ?

ನಮ್ಮ ಅತ್ತೆಯವರು ನೀವು ಕೊಟ್ಟ ಅರಿವೆ ಚೂರುಗಳ ಬುಟ್ಟಿ ನೋಡಿದ ದಿನ ಮನೆಯಲ್ಲಿ ದೊಡ್ಡ ವಿಚಾರಣೆ ನಡೆಯಿತು. ಯಾರ ಮನೆಯ ಅರಿವೆಯೋ, ಯಾರು ಉಟ್ಟಿದ್ದೋ, ಮಡಿ ಮನೆಗೆ ಇದೆಲ್ಲ ಹೇಗೆ ಬಂತು ಎಂದು. ನೀವು ಬಾಗಿಲ ಹೊರಗೇ ನಿಂತು ನಕ್ಕಿರಿ. "ಎರಡು ಸಲ ಒಗದೀನ್ರಿ ಬಾಯಾರೆ. ಮೂರನೇದು ನೀವು ಒಗೀರಿ." ಅತ್ತೆ ನಿಜವಾಗಿಯೂ ಒಗೆದರು. ಮುಂದಿನ ತಿಂಗಳು ತಮ್ಮ ಹಳೆಯ ಇಳಕಲ್ ಸೀರೆಯ ಸೆರಗನ್ನು ತಾವೇ ಹರಿದು ನಿಮಗೆ ಕೊಟ್ಟು ಕಳಿಸಿದರು. "ಆ ಹೆಣ್ಮಗಳ ಕೈಗೆ ಹೋದ್ರ ಅದು ಉಳಿತದ" ಎಂದರು. ಅವರು ಯಾರನ್ನೂ ಹೊಗಳಿದವರಲ್ಲ ಖಾಲಾ, ನಿಮಗೆ ಗೊತ್ತು.

ನಿಮ್ಮ ಮೊಮ್ಮಗಳು ಮುನ್ನಿಗೆ ದಿನ ತುಂಬಲಿ ಎಂದು ಕಾಯದೆ, ಇನ್ನೂ ಎರಡೇ ತಿಂಗಳ ಬಸುರಿ ಎಂಬ ಸುದ್ದಿಗೇ ನೀವು ಬುಟ್ಟಿ ತೆಗೆದು ಕೂತಿರಿ. ಮಗಳ ಮಗಳ ಕೂಸು! ತೊಟ್ಟಿಲ ಕೌದಿಗೆ ಐದು ಮನೆಯ ಹಳೆಯ ಅರಿವೆ ಬೇಕು, ಐದೂ ಬೇರೆ ಬೇರೆ ಊರಿನದಾದರೆ ಇನ್ನೂ ಚಲೋ ಎಂದಿರಿ. ಆಗಲೇ ಜ್ವರವಿತ್ತು. "ನನ್ನ ಕೈಲಿ ಆಗ್ಲಿಲ್ಲಂದ್ರ ನೀ ಮುಗಸ್ತಿ. ಮುನ್ನಿ ಕೂಸು ನನ್ನ ಕೌದಿ ಮ್ಯಾಲ ಮಲಗ್ಬೇಕು" ಎಂದಿರಿ. ನಾನು ಹೂಂ ಅಂದೆ. ಹೂಂ ಅನ್ನದೆ ಬಿಡಲು ಆಗುತ್ತಿತ್ತೇ? ಆ ಬುಟ್ಟಿಯಲ್ಲಿ ಎರಡೇ ಹೂವು ಹೊಲಿದಿಟ್ಟು ನೀವು...

ನೀವು ಹೋದ ನಲವತ್ತನೇ ದಿನ ಶಬಾನಾಳ ಮುಂದೆ ಈ ಮಾತು ಎತ್ತಿದೆ. ನಿಮ್ಮ ಮಗಳು, ಮುನ್ನಿಯ ತಾಯಿ, ತೊಟ್ಟಿಲಿಗೆ ಏನು ಹಾಸಬೇಕು ಎಂದು ಹೇಳುವವಳು ಈಗ ಅವಳೇ. ಅವಳು ನಿಮ್ಮ ಪೆಟ್ಟಿಗೆಯನ್ನು ವಾಡಿಯ ತನ್ನ ಮನೆಗೆ ಒಯ್ಯಲು ಹಗ್ಗ ಕಟ್ಟುತ್ತಿದ್ದಳು. ಕೈ ನಿಲ್ಲಿಸಿ ಹೇಳಿದಳು: "ಬ್ಯಾಡ್ರಿ ಅಕ್ಕಾ. ಬಜಾರದಾಗ ಮೆತ್ತನ್ನ ರಗ್ಗು ಸಿಗ್ತಾವ. ಅಮ್ಮನ ಕಣ್ಣು ಆ ಕೌದಿಗೇ ಹೋದ್ವು. ನನ್ನ ಮನ್ಯಾಗ ಆ ಸೂಜಿ ಮತ್ತ ಬರೂದು ಬ್ಯಾಡ." ನಾನು ವಾದ ಮಾಡಲಿಲ್ಲ, ಆದರೆ ನಿಮಗೆ ಅಂದ ಹೂಂ ಬಿಡುವಂತೆಯೂ ಇರಲಿಲ್ಲ. ಆ ಎರಡು ಹೂವುಗಳನ್ನು ಮಾತ್ರ ಕೇಳಿ ಪಡೆದೆ. ಅಳತೆಯ ಕಲ್ಲು ಕೇಳುವ ಧೈರ್ಯ ಬರಲಿಲ್ಲ. ಅದು ಪೆಟ್ಟಿಗೆಯೊಳಗೆ ವಾಡಿಗೆ ಹೋಯಿತು.

ಸೇಡಂ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿ ಕಾಯುತ್ತ ಕೂತಾಗ ನನಗೆ ಹೊಳೆಯಿತು. ಐದು ಊರಿನ ಅರಿವೆಯನ್ನು ನಾನೊಬ್ಬಳೇ ಏಕೆ ಹೊಲಿಯಬೇಕು? ಐದು ಊರಿನವರೇ ಹೊಲಿದರೆ? ನಿವೃತ್ತಿಯಾದ ಮೇಲೆ ನಾನು ಹೋದಲ್ಲೆಲ್ಲ ನಿಮ್ಮ ಹೂವನ್ನು ಕಲಿಸುತ್ತ ಬಂದಿದ್ದೆ. ಚಿತ್ತಾಪುರದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯರು, ವಾಡಿಯಲ್ಲಿ ರೈಲ್ವೆ ಕ್ವಾರ್ಟರ್ಸಿನ ಹೆಂಗಸರು, ಶಹಾಬಾದಿನಲ್ಲಿ ನನ್ನ ನಾದಿನಿಯ ಓಣಿ, ಚಿಂಚೋಳಿ ಕಡೆ ಚಿಮ್ಮನಚೋಡದಲ್ಲಿ ನನ್ನ ಬಾಲ್ಯದ ಗೆಳತಿ ರತ್ನಮ್ಮ. ಐದನೆಯದು ನಾನೇ, ಈಗ ನಾನಿರುವ ಸೇಡಂ. ಎಲ್ಲರಿಗೂ ಹೇಳಿ ಕಳಿಸಿದೆ. ಅಳತೆಗೆ ಏನು ಮಾಡಿದೆ ಗೊತ್ತೇ? ಮೂವತ್ತು ವರ್ಷ ಪಾಠ ಮಾಡಿದವಳ ಬುದ್ಧಿ ನೋಡಿ. ಹಿಂದೆ ನಿಮ್ಮ ಕಲ್ಲನ್ನಿಟ್ಟು ಕತ್ತರಿಸಿಕೊಂಡಿದ್ದ ರಟ್ಟಿನ ತುಂಡನ್ನು ಚಿತ್ತಾಪುರಕ್ಕೆ ಕೊಟ್ಟು, "ಇದರ ನಕಲು ಮಾಡಿಕೊಂಡು ನಿಮ್ಮದನ್ನು ಮುಂದಿನ ಊರಿಗೆ ಕೊಡಿ" ಎಂದೆ, ಮಕ್ಕಳಿಗೆ ಹೋಂವರ್ಕ್ ದಾಟಿಸಿದಂತೆ. ಚಿತ್ತಾಪುರದವರದ್ದು ವಾಡಿಗೆ, ವಾಡಿಯವರದ್ದು ಶಹಾಬಾದಿಗೆ, ಶಹಾಬಾದಿನದ್ದು ಬಸ್ಸು ಹತ್ತಿ ಚಿಮ್ಮನಚೋಡಕ್ಕೆ.

ಕೂಸು ಹುಟ್ಟಿತು ಖಾಲಾ! ಹೆಣ್ಣು ಕೂಸು. ಕಿವಿ ಥೇಟ್ ನಿಮ್ಮವೇ, ಜೋಳದ ರೊಟ್ಟಿಯ ಅಂಚಿನಂತೆ ಸ್ವಲ್ಪ ಹೊರಕ್ಕೆ. ನಲವತ್ತನೇ ದಿನ ತೊಟ್ಟಿಲು ಎಂದು ಗೊತ್ತಾಯಿತು. ಐದೂ ಊರಿನ ಹೂವುಗಳು ನನ್ನ ಮನೆಗೆ ಬಂದು ಬಿದ್ದವು. ಎಂಥ ಬಣ್ಣಗಳು! ರತ್ನಮ್ಮ ತಾನೇ ಬಂದಳು, ತನ್ನ ಕೆಂಪು ಹೂವು ನಟ್ಟನಡುವೆ ಇರಬೇಕೆಂದು ಹಟ ಹಿಡಿದಳು. ಒಂದು ವಾರ ಇಬ್ಬರೂ ಕೂತು ಕೂಡಿಸಿದೆವು. ತುದಿಗಳು ಒಂದಕ್ಕೊಂದು ಸರಿಯಾಗಿ ಬರುತ್ತಿರಲಿಲ್ಲ, ಹೆಚ್ಚಾದದ್ದನ್ನು ನಿರಿಗೆ ಹಿಡಿದು ಎಳೆದೆಳೆದು ಹೊಲಿದೆವು. ಕೊನೆಗೆ ನೆಲದ ಮೇಲೆ ಹಾಸಿದರೆ ಕೌದಿ ಮಲಗಲೇ ಇಲ್ಲ. ನಡುವೆ ದಿಬ್ಬದಂತೆ ಎದ್ದು ನಿಂತಿತು. ಒತ್ತಿದರೆ ಈ ಕಡೆ ಇಳಿದು ಆ ಕಡೆ ಏಳುತ್ತದೆ.

"ಒಳಗ ಬೆಕ್ಕು ಸಿಕ್ಕೊಂಡದ ಏನ್ರಿ ಅಕ್ಕೋರೆ?" ಎಂದಳು ರತ್ನಮ್ಮ.

ನನಗೆ ನಗು ಬರಲಿಲ್ಲ. ತೊಟ್ಟಿಲಿಗೆ ಮೂರೇ ದಿನ ಉಳಿದಿತ್ತು. ಅಂಥದ್ದರ ಮೇಲೆ ಎಳೆಗೂಸನ್ನು ಮಲಗಿಸಿದರೆ ಉರುಳಿ ಹೋಗುತ್ತದೆ. ನೀವು ಹೇಳಿದ ಒಂದೇ ಕೆಲಸ, ಅದನ್ನೂ ಹೂಕೋಸು ಮಾಡಿಬಿಟ್ಟೆನಲ್ಲ ಎಂದು...

ಮರುದಿನದ ಗಾಡಿಗೆ ನಾವಿಬ್ಬರೂ ಆ ಕೌದಿಯನ್ನು ಚೀಲದಲ್ಲಿ ತುಂಬಿಕೊಂಡು ವಾಡಿಗೆ ಹೋದೆವು. ಶಬಾನಾಳಿಗೆ ತಪ್ಪು ಒಪ್ಪಿಸಿ, ಬಜಾರದ ರಗ್ಗೇ ಹಾಸಮ್ಮ ಎಂದು ಹೇಳಿ ಬರುವುದು ನನ್ನ ವಿಚಾರ. ಅವಳು ಅಂಗಳದಲ್ಲಿ ಬೆಳ್ಳುಳ್ಳಿ ಜಜ್ಜುತ್ತಿದ್ದಳು. ಯಾವುದರಿಂದ ಅಂದುಕೊಂಡಿರಿ? ಚಾಚಾನ ಕಲ್ಲಿನಿಂದ! ನಾನು ಬಾಯಿ ತೆರೆಯುವ ಮೊದಲೇ ರತ್ನಮ್ಮ ಚೀಲ ಬೋರಲು ಹಾಕಿದಳು. ಶಬಾನಾ ಕೌದಿಯ ಸುತ್ತ ಒಂದು ಸುತ್ತು ಬಂದಳು.

"ಇದೇನ್ರಿ ಅಕ್ಕಾ, ಕೌದಿನೋ, ದರ್ಗಾದ ಗುಮ್ಮಟನೋ?"

"ಅಳತಿ ನಕಲು ಮಾಡೂದ್ರಾಗ ಏನೋ ತಪ್ಪ್ಯದ" ಎಂದೆ.

ಅವಳು ಕಲ್ಲನ್ನು ಸೆರಗಿಗೆ ಒರೆಸಿ ನನ್ನ ಸೇಡಂ ಹೂವಿನ ಒಂದು ಎಸಳಿನ ಮೇಲಿಟ್ಟಳು. ಸರಿಯಿತ್ತು. ಚಿತ್ತಾಪುರದ್ದು ಒಂದು ಎಳೆ ಹೊರಗೆ. ವಾಡಿಯದ್ದು ಎರಡು ಎಳೆ. ಶಹಾಬಾದಿನದ್ದು ಇನ್ನೂ ಅಗಲ. ರತ್ನಮ್ಮನ ಹೂವಿನ ಎಸಳಿನ ಮೇಲಿಟ್ಟರೆ ಕಲ್ಲಿನ ಸುತ್ತ ಬೆರಳಗಲ ಕೆಂಪು ಉಳಿಯಿತು. ಪ್ರತಿ ಊರಿನವರೂ ಮೊಂಡ ಪೆನ್ಸಿಲ್ಲಿನಿಂದ ಗೆರೆ ಎಳೆದು, ಗೆರೆಯ ಹೊರಗಿನಿಂದ ಕತ್ತರಿಸಿದ್ದರು. ಒಂದೊಂದು ಊರು ದಾಟಿದಂತೆ ನಿಮ್ಮ ಅಳತೆ ಮೈ ಬೆಳೆಸಿಕೊಂಡು ಹೋಗಿತ್ತು.

"ರತ್ನವ್ವಾ, ನಿಮ್ಮೂರಾಗ ಎಲ್ಲಾ ಇಷ್ಟು ದೊಡ್ಡದೇನು?" ಎಂದಳು ಶಬಾನಾ.

"ಹೌದವಾ, ಮನಸ್ಸೂ ದೊಡ್ಡದೇ."

ಶಬಾನಾ ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಆ ದಿಬ್ಬದ ಮೇಲೆ ಕೈಯಾಡಿಸುತ್ತ ಕೂತಳು. ಕೈ ನಿಮ್ಮ ಎರಡು ಹೂವುಗಳ ಮೇಲೆ ಬಂದು ನಿಂತಿತು. ಅವನ್ನು ಯಾರೂ ಹೇಳಿಕೊಡದೆಯೇ ಗುರುತು ಹಿಡಿದಳು. ಆಮೇಲೆ ನಾವು ಹಿಡಿದ ಒಂದು ನಿರಿಗೆಯನ್ನು ಉಗುರಿನಿಂದ ಎಬ್ಬಿಸಿ ನೋಡಿ, ಮುಖ ಸಿಂಡರಿಸಿದಳು. "ಛೇ! ಹಿಂಗ ಯಾರರ ಹೊಲಿತಾರೇನ್ರಿ? ಅಮ್ಮ ನೋಡಿದ್ರ ಎದ್ದು ಬರ್ತಿದ್ಳು. ಕೊಡ್ರಿ ಇತ್ಲಾಗ." ಕತ್ತರಿ ತಂದಳು. ಕಚಕಚನೆ ನಡುವಿನ ಹೊಲಿಗೆ ಬಿಚ್ಚಿ ರತ್ನಮ್ಮನ ಹೂವನ್ನು ಹೊರಗೆ ತೆಗೆದಳು. "ದೊಡ್ಡದು ನಡುವ ಇದ್ರ ಉಬ್ಬತದ. ಅದನ್ನ ಅಂಚಿಗೆ ಹಚ್ರಿ, ಝಾಲರ್ ಆಗ್ತದ. ಸಣ್ಣವು ಒಳಗ, ದೊಡ್ಡವು ಹೊರಗ. ಇಷ್ಟು ತಿಳಿಲಿಲ್ಲೇನು?"

ನಮಗೆ ತಿಳಿದಿರಲಿಲ್ಲ. ಅವಳಿಗೆ ಹೇಗೆ ತಿಳಿಯಿತು ಎಂದು ನಾನು ಕೇಳಿಯೇಬಿಟ್ಟೆ. ಸೂಜಿಗೆ ದಾರ ಪೋಣಿಸುತ್ತ ಹೇಳಿದಳು: "ಅಮ್ಮನ ಕಣ್ಣು ಮಂಜಾದ ಮ್ಯಾಲ, ತವರಿಗಿ ಬಂದಾಗೆಲ್ಲಾ ಆಕಿ ಸೂಜಿಗೆ ದಾರ ಹಾಕಿ ಕೊಡಾಕಿ ನಾನೇ ಅಲ್ರಿ. ಬಾಜೂಕ ಕುಂತು ಎಲ್ಲಾ ನೋಡೀನಿ. ಸಿಟ್ಟಿಲೆ ನೋಡೀನಿ, ಆದ್ರೂ ನೋಡೀನಿ." ನಿಮಗೆ ಗೊತ್ತಿತ್ತೇ ಖಾಲಾ, ಆ ಹುಡುಗಿ ನಿಮ್ಮ ಪಕ್ಕದಲ್ಲಿ ಸಿಟ್ಟಿನಿಂದ ಕೂತೇ ಇಡೀ ವಿದ್ಯೆ ಕಲಿತಿದ್ದಳು ಎಂದು?

ಆ ಎರಡು ಹಗಲು ನಾವು ಮೂವರು ಅಂಗಳದ ಬೆಳಕಿನಲ್ಲಿ ಕೂತೆವು. ಬಿಸಿಲು ಸರಿದಂತೆ ನಾವೂ ಚಾಪೆ ಸರಿಸುತ್ತಿದ್ದೆವು. ಕತ್ತಲಾಗುವ ಮುಂಚೆ ಸೂಜಿ ಚುಚ್ಚಿಡಬೇಕು ಎಂಬುದು ಶಬಾನಾಳ ಕಾನೂನು. ಬಾಣಂತಿ ಮುನ್ನಿ ಒಳಗಿನಿಂದಲೇ, "ಮುಗೀತೇನ್ರಿ? ನನ್ನ ಮಗಳಿಗಿ ಮದುವಿ ವಯಸ್ಸು ಬಂತು" ಎಂದು ಕೂಗುತ್ತಿದ್ದಳು. ಕೊನೆಗೆ ಕಾಗದ ಕಿತ್ತು ತೆಗೆಯುವ ಹೊತ್ತು ಬಂದಾಗ ಕೌದಿಯ ಹೊಟ್ಟೆಯಿಂದ ಐದೂ ಊರಿನ ಲಗ್ನಪತ್ರಿಕೆಗಳು ಹೊರಬಂದವು. ಅರ್ಧ ವರ, ಅರ್ಧ ವಧು, ಒಂದು ಗಣಪತಿಯ ಸೊಂಡಿಲು, ಒಂದು ಚಂದ್ರ-ನಕ್ಷತ್ರ. ರತ್ನಮ್ಮ ಒಂದೊಂದನ್ನೂ ಓದಿ, "ಇವರಿಬ್ರೂ ಇನ್ನೂ ಕೂಡೇ ಇದ್ದಾರ, ಇವರು ಮಾತ್ರ ದಿನಾ ಬಡದಾಡ್ತಾರ" ಎಂದು ವರದಿ ಕೊಟ್ಟಳು. ಹಾಸಿ ನೋಡಿದೆವು. ಮಲಗಿತು ಖಾಲಾ! ನಡುವೆ ನಿಮ್ಮ ಎರಡು ಹೂವು, ಅವುಗಳ ಸುತ್ತ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ. ಅಂಚಿನಲ್ಲಿ ಚಿಮ್ಮನಚೋಡದ ಕೆಂಪು, ಲಂಗದ ಅಂಚಿನಂತೆ ಅಲೆಯಲೆಯಾಗಿ.

ತೊಟ್ಟಿಲ ದಿನ ಕೂಸನ್ನು ಶಬಾನಾಳೇ ಅದರ ಮೇಲೆ ಮಲಗಿಸಿದಳು. ಕೂಸು ಒಮ್ಮೆ ಕಾಲು ಝಾಡಿಸಿತು, ಎಲ್ಲರ ಮುಖ ನೋಡಿತು, ಆಮೇಲೆ ನಿರಾಳವಾಗಿ ಉಚ್ಚೆ ಹೊಯ್ದಿತು. "ಪಾಸಾತು, ಪಾಸಾತು!" ಎಂದು ಹೆಂಗಸರೆಲ್ಲ ಚಪ್ಪಾಳೆ ಹೊಡೆದರು. ಝಾಲರ್ ಮುಟ್ಟಿ ನೋಡಿ, ಇಂಥ ಅಂಚು ಎಲ್ಲೂ ಕಂಡಿಲ್ಲ, ಯಾವ ಊರಿನ ಕೆಲಸ ಎಂದು ಕೇಳಿದರು. ಶಬಾನಾ ತೊಟ್ಟಿಲಿನ ಹಗ್ಗ ಹಿಡಿದುಕೊಂಡೇ ಕೌದಿ ಗುಮ್ಮಟವಾದ ಕಥೆಯನ್ನು ಮೊದಲಿನಿಂದ ಹೇಳಿದಳು. ನನ್ನ ಪೆದ್ದುತನವನ್ನು ಒಂದಕ್ಕೆ ನಾಲ್ಕು ಮಾಡಿ, ರತ್ನಮ್ಮನ ಬೆಕ್ಕನ್ನು ಬಿಡದೆ, ನಿಮ್ಮ ದನಿಯಲ್ಲಿ, ನಿಮ್ಮ ಹಾಗೆಯೇ ಕಣ್ಣು ಕಿರಿದು ಮಾಡಿ. ಬಿರಿಯಾನಿ ಆರಿ ಹೋಗುತ್ತಿದೆ ಎಂದು ಗಂಡಸರು ಎರಡು ಸಲ ಕರೆದರೂ ಒಬ್ಬರೂ ಏಳಲಿಲ್ಲ.

ಮರುದಿನ ಬೆಳಗ್ಗೆ ನಾನು ಊರಿಗೆ ಹೊರಡಲು ಚೀಲ ಹಿಡಿದು ಹೊರಬಂದರೆ ಅಂಗಳದಲ್ಲಿ ಹನ್ನೊಂದು ಮಂದಿ ಹೆಂಗಸರು ಕೂತಿದ್ದರು. ಹಿಂದಿನ ದಿನ ಕಥೆ ಕೇಳಿದವರೇ. ಒಬ್ಬಳ ಮಡಿಲಲ್ಲಿ ಗಂಡನ ಹಳೆಯ ಲುಂಗಿ, ಇನ್ನೊಬ್ಬಳ ಕೈಯಲ್ಲಿ ಹರಿದ ಇಳಕಲ್, ಎಲ್ಲರ ಬಳಿಯೂ ಲಗ್ನಪತ್ರಿಕೆಯ ಕಟ್ಟು. ಶಬಾನಾ ಕನ್ನಡಕ ಹಾಕಿಕೊಂಡು ನಡುವೆ ಕೂತಿದ್ದಳು. "ಒಬ್ಬರದ್ದು ನೋಡಿ ಇನ್ನೊಬ್ರು ಬರ್ಕೋಬ್ಯಾಡ್ರಿ. ಎಲ್ಲಾರೂ ಈ ಕಲ್ಲಿನಿಂದೇ ಗೆರಿ ಹೊಡೀರಿ. ಸಾಲಾಗಿ ಬರ್ರಿ, ಕುಂದ್ರಿ." ನಾನೂ ಚೀಲ ಇಳಿಸಿ, ಗಾಡಿ ಬಿಟ್ಟು, ಸಾಲಿನ ಕೊನೆಯಲ್ಲಿ ಕೂತೆ. ಅವಳು ನನ್ನ ಕೈಯಲ್ಲಿದ್ದ ಮೊಂಡ ಪೆನ್ಸಿಲ್ ನೋಡಿದಳು.

"ಅಕ್ಕಾ, ನೀವು ಮೊದ್ಲು ಪೆನ್ಸಿಲ್ ಚೂಪ ಮಾಡ್ಕೊಂಡು ಬರ್ರಿ."

ಹನ್ನೊಂದು ಮಂದಿಯೂ ನಕ್ಕರು. ನಾನು ಎದ್ದು ಓಣಿಯ ತುದಿಯ ಅಂಗಡಿಗೆ ಹೋಗಿ, ಹನ್ನೆರಡು ಹೊಸ ಪೆನ್ಸಿಲ್ ತಂದು, ಅಂಗಳದ ಮೆಟ್ಟಿಲ ಮೇಲೆ ಕೂತು ಒಂದೊಂದನ್ನೇ ಕೆತ್ತತೊಡಗಿದೆ.

ನಿಮ್ಮ,
ಹೂಕೋಸಿನ ಅಕ್ಕೋರು